ಕೆಡದ ಯಂತ್ರ ಮಾರುವವನು

ಮೇನ್‌ಫ್ರೇಮ್ ಕಂಪ್ಯೂಟರ್ ಮಾರುವುದೆಂದರೆ ತರಕಾರಿ ಮಾರಿದಂತಲ್ಲ. ಬೀರುವಿನಷ್ಟು ಎತ್ತರದ ಆ ಯಂತ್ರವನ್ನು ಬ್ಯಾಂಕು, ವಿಮಾ ಕಂಪನಿಗಳಂಥ ದೊಡ್ಡ ಕುಳಗಳೇ ಕೊಳ್ಳಬೇಕು. ಕೊಂಡ ಮೇಲೆ ಅದು ಕೆಡುವ ಮಾತೇ ಇಲ್ಲ. ಕೆಡದಿದ್ದರೆ ಮಾರಿದವನನ್ನು ಯಾರು ತಾನೇ ನೆನೆಯುತ್ತಾರೆ? ನಮ್ಮ ಮಾರಾಟಗಾರನ ಫೋನು ದಿನವಿಡೀ ತೆಪ್ಪಗೆ ಬಿದ್ದಿರುತ್ತಿತ್ತು. ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಅವನೊಬ್ಬನೇ ವಾಸ. ಅತ್ತಿಗೆ ಕಿಚಾಯಿಸುತ್ತಿದ್ದಳು: "ಏನಪ್ಪಾ, ಫೋನ್ ಇಟ್ಕೊಂಡಿರೋದು ಗಂಟೆ ನೋಡೋಕಾ?" ಅವನೂ ನಗುತ್ತಿದ್ದ. ಮಹಡಿ ಹತ್ತಿದ ಮೇಲೆ ಆ ನಗು ಉಳಿಯುತ್ತಿರಲಿಲ್ಲ.

ಈ ಸಲ ಕುತ್ತಿಗೆಗೇ ಬಂದಿತ್ತು. ಹೊಸ ಗಿರಾಕಿ ಒಬ್ಬರಾದರೂ ಸಿಗದಿದ್ದರೆ ಅವನ ವಿಭಾಗವನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿಬಿಟ್ಟಿದ್ದರು. ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ ಮೇಲೆ ಒಂದು ವಿಮಾ ಕಂಪನಿಯ ಖರೀದಿ ಮುಖ್ಯಸ್ಥೆ ಕಿವಿಗೊಟ್ಟರು. "ಎಲ್ಲಾ ಸರಿ. ನಿಮ್ಮ ಹಳೇ ಗಿರಾಕಿ ಯಾರಾದ್ರೂ ಒಂದು ಮಾತು ಹೇಳ್ಬೇಕಲ್ಲ?"

"ನಮ್ಮ ಯಂತ್ರ ತಗೊಂಡಿರೋ ಬ್ಯಾಂಕಿನ ಮ್ಯಾನೇಜರನ್ನೇ ಕೇಳಿ ಮೇಡಂ. ಯಂತ್ರ ಕೂರಿಸುವಾಗ ನಾವಿಬ್ರೂ ಒಂದೇ ಡಬ್ಬಿಲಿ ಊಟ ಮಾಡಿದೋರು!" ಎಂದು ಎದೆಯುಬ್ಬಿಸಿ ಬಂದ.

ಮುಂಚಿತವಾಗಿ ಒಂದು ಮಾತು ತಿಳಿಸೋಣವೆಂದು ಮ್ಯಾನೇಜರಿಗೆ ಫೋನು ಹಚ್ಚಿದ. ಹೆಸರು ಹೇಳಿದ, ಕಂಪನಿ ಹೇಳಿದ, ಡಬ್ಬಿಯ ವಿಷಯವನ್ನೂ ಹೇಳಿದ.

"ಕ್ಷಮಿಸಿ, ಗೊತ್ತಾಗ್ಲಿಲ್ಲ. ಆ ಯಂತ್ರ ಯಾವುದೋ ರೂಮಲ್ಲಿದೆ, ಅದರ ಪಾಡಿಗೆ ಓಡ್ತಿದೆ" ಎಂದರು ಮ್ಯಾನೇಜರು, ಬಹಳ ಮರ್ಯಾದೆಯಿಂದಲೇ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವನು ಊಟ ಬಿಟ್ಟು ಮಲಗಿದ.

ಮರುದಿನ ಸೋತ ಮುಖ ಹೊತ್ತು ವಿಮಾ ಕಂಪನಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥೆ ಹೇಳಿದರು: "ಬ್ಯಾಂಕಿಗೆ ಫೋನ್ ಮಾಡಿದ್ದೆ. ನೀವು ಯಾರು ಅಂತ್ಲೇ ಅವರಿಗೆ ನೆನಪಿಲ್ವಂತೆ."

ಅವನು ತಲೆ ತಗ್ಗಿಸಿದ.

"ಮಾರಿದೋರನ್ನೇ ಮರೆಯೋಷ್ಟು ಚೆನ್ನಾಗಿ ಓಡುತ್ತೆ ಅಂದ್ರೆ ಇನ್ನೇನು ಬೇಕು ನಮಗೆ?" ಎನ್ನುತ್ತಾ ಅವರು ಕರಾರು ಪತ್ರವನ್ನು ಹತ್ತಿರ ಎಳೆದುಕೊಂಡರು.

ಕುಣಿದಾಡಬೇಕಾದ ಗಳಿಗೆ. ಆದರೆ ಅವನಿಗೆ ಯಾಕೋ ಭಯವಾಯಿತು. ಇವರೂ ಮರೆಯುತ್ತಾರೆ. ಬಾಯಿ ತಡೆಯಲಿಲ್ಲ. "ಮೇಡಂ, ಆಗಾಗ ಒಂದು ಫೋನ್ ಮಾಡ್ತಿರಿ."

ಪೆನ್ನು ಅಲ್ಲೇ ನಿಂತಿತು. "ಯಾಕ್ರೀ? ಕೆಡುತ್ತಾ?"

ವಿಭಾಗದವರೆಲ್ಲರ ಅನ್ನ ಆ ಪೆನ್ನಿನ ತುದಿಯಲ್ಲಿತ್ತು.

"ಇಲ್ಲ ಮೇಡಂ, ಕೆಡೋದಿಲ್ಲ."

"ಮತ್ಯಾಕ್ರೀ ಫೋನು?" ಎಂದು ನಕ್ಕು ಅವರು ಸಹಿ ಹಾಕಿದರು.