ಸಾಕು ಎಂಬ ಮಾತು

ಸೋದರಮಾವ ಎಡಗೈಯಲ್ಲಿ ಬೀಸಿದ ಏಟಿಗೆ ಫೋಟೊ ಮೇಜಿನಿಂದ ಹಾರಿ ಗೋಡೆಗೆ ಬಡಿದು ಚೂರಾಯಿತು. ಗಾಜು ಹೆಣದ ಪೆಟ್ಟಿಗೆಯ ಮೇಲೂ ಸಿಡಿಯಿತು. ಒಳಗೆ, ಒಂದು ಕಾಲಕ್ಕೆ ಸಿನಿಮಾಗೆ ನಾಯಿ ಪಳಗಿಸುತ್ತಿದ್ದ ನಾಯಿ ಮೇಷ್ಟ್ರು ತಮ್ಮ ಪಾಡಿಗೆ ಮಲಗಿದ್ದರು.

"ಈ ಫೋಟೊ ಇಲ್ಲಿಟ್ಟವರು ಯಾರು? ನನ್ನ ಬೆರಳು ತಿಂದ ನಾಯಿ ಅದು!"

"ನಾನೇ ಇಟ್ಟೆ ಮಾವ," ಎಂದಳು ಮೇಷ್ಟ್ರ ಮಗಳು.

ಅವನ ದನಿ ತಗ್ಗಿತು. "ನಿನಗೇನೂ ಅನ್ನಲ್ಲ ಪುಟ್ಟಿ. ಅವತ್ತು ನನಗೋಸ್ಕರ ಸಾಕು ಸಾಕು ಅಂತ ಕೂಗಿದವಳು ನೀನೊಬ್ಬಳೇ. ನಿನ್ನ ಮುಖ ನೋಡಿಕೊಂಡೇ ಈ ಮನೆ ಮೆಟ್ಟಿಲು ಹತ್ತಿದ್ದೀನಿ."

ನಲವತ್ತೇಳು ತುಂಬಿದ ಹೆಂಗಸನ್ನು ಅವನೊಬ್ಬನೇ ಇನ್ನೂ ಪುಟ್ಟಿ ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಗಾಜು ಆಯತೊಡಗಿದಳು. ಫೋಟೊದಲ್ಲಿ ಏಳು ವರ್ಷದ ಅವಳೂ, ಹುಲ್ಲಿನ ಟೊಪ್ಪಿ ಹಾಕಿಕೊಂಡ ನಾಯಿಯೂ ಹಲ್ಲು ಕಿರಿದುಕೊಂಡಿದ್ದರು.

ಬಾಗಿಲಲ್ಲಿ ಕ್ಷೌರಿಕ ದರ್ಜಿಗೆ ಹೇಳುತ್ತಿದ್ದ: "ಮೇಷ್ಟ್ರ ಆ ಸಿನಿಮಾದಲ್ಲಿ ಕಳ್ಳನ ಚಡ್ಡಿ ಹರಿಯೋದು ನೆನಪಿದೆಯಾ? ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದಿದ್ದೆ."

"ನೀನು ಬೀಳೋದಕ್ಕೆ ನಗೂನೇ ಬೇಕಾ? ಬಾ, ಪೆಟ್ಟಿಗೆ ಹಿಡಿ."

ಪೆಟ್ಟಿಗೆಗೆ ನಾಲ್ಕು ಮೂಲೆ. ಕ್ಷೌರಿಕ, ದರ್ಜಿ, ಮೇಷ್ಟ್ರ ಅಳಿಯ ಸೇರಿ ಮೂರೇ ಜನ. ಎಲ್ಲರೂ ಸೋದರಮಾವನ ಕಡೆ ನೋಡಿದರು.

"ನನ್ನ ಮೇಲೆ ಛೂ ಬಿಟ್ಟವನಿಗೆ ಹೆಗಲು ಕೊಡಲಾ? ನಾಯಿಗಳನ್ನ ಕರೀರಿ, ಹೊರ್ತವೆ!"

*

ಮೇಷ್ಟ್ರ ಮಗಳೂ ನಾಯಿಯೂ ಸೇರಿ ಕಳ್ಳನನ್ನು ಹಿಡಿಯುವ ಸಿನಿಮಾ ಅದು. ಮನೆಮಂದಿಯೆಲ್ಲ ಕೂತು ನಗುವಂಥದ್ದು. ಹುಡುಗಿ "ಸಾಕು, ಸಾಕು" ಎಂದಷ್ಟೂ ನಾಯಿ ಕಳ್ಳನನ್ನು ಇನ್ನಷ್ಟು ಕಚ್ಚಬೇಕು, ಅದೇ ತಮಾಷೆ ಎಂದಿದ್ದರು ನಿರ್ದೇಶಕರು. ಮೇಷ್ಟ್ರು ತೋಳಿಗೆ ಗೋಣಿ ಸುತ್ತಿಕೊಂಡು ಹಿತ್ತಲಲ್ಲಿ ಒಂದು ತಿಂಗಳು ಕಲಿಸಿದರು. 'ಸಾಕು' ಎಂದರೆ ಕಚ್ಚು, 'ಬಿಡು' ಎಂದರೆ ಬಿಡು. ಗೋಣಿಯೊಳಗೆ ತೋಳು ನೀಲಿಗಟ್ಟಿತು. ಕಳ್ಳನ ಚಡ್ಡಿ ತೊಟ್ಟು ಕಚ್ಚಿಸಿಕೊಂಡವರೂ ಅವರೇ.

ನಾಯಿ ಮಾತು ಕೇಳುತ್ತಿಲ್ಲವೆಂದು ಜನ ಬಿದ್ದು ಬಿದ್ದು ನಕ್ಕರು. ನಾಯಿ ಮಾತು ಕೇಳುತ್ತಿತ್ತು.

*

ಸಿನಿಮಾ ಓಡುತ್ತಿದ್ದಾಗಲೇ ಒಂದು ಮಧ್ಯಾಹ್ನ ಸೋದರಮಾವ ಬಂದ. "ನಾಯಿ ಕುಣಿಸೋನ ಜೊತೆ ಬಾಳಿದ್ದು ಆಯ್ತು, ನಡೀ ಅಕ್ಕ," ಎಂದು ಅಕ್ಕನ ರಟ್ಟೆ ಹಿಡಿದು ಎಳೆದ. ಮೇಷ್ಟ್ರು ಅಡ್ಡ ನಿಂತರು. ಅವನು ಮರದ ಸ್ಟೂಲು ಎತ್ತಿ ಅವರ ಬಾಯಿಗೇ ಬಡಿದ. ದವಡೆ ಮುರಿಯಿತು. ಕೆಳಗೆ ಬಿದ್ದವರ ಪಕ್ಕೆಗೆ ಒದ್ದ, ಮತ್ತೆ ಒದ್ದ.

"ಸಾಕು ಮಾವ! ಸಾಕು!" ಎಂದು ಮಗು ಕಿರುಚಿತು.

ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಬಂದು ಅವನ ಬಲಗೈಗೆ ಬಾಯಿ ಹಾಕಿತು. ಗಾಬರಿಯಲ್ಲಿ ಪಾಠ ಮರೆತ ಮಗು ಬಿಡಿಸಲೆಂದು ಇನ್ನೂ ಜೋರಾಗಿ "ಸಾಕು, ಸಾಕು" ಎಂದಿತು. ಅಂದಷ್ಟೂ ನಾಯಿ ಹಲ್ಲು ಊರಿತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಿಡು ಎನ್ನಲು ಮೇಷ್ಟ್ರಿಗೆ ದವಡೆ ಆಡಲಿಲ್ಲ, ಬಾಯ್ತುಂಬ ರಕ್ತ. ತೆವಳಿಕೊಂಡು ಹೋಗಿ ಹಾರೆ ತಂದರು. ಮೊದಲ ಏಟಿಗೆ ನಾಯಿ ಅವರತ್ತ ನೋಡಿ ಬಾಲ ಅಲ್ಲಾಡಿಸಿತು. ಮೂರನೆಯದಕ್ಕೆ ಬಾಯಿ ಸಡಿಲವಾಯಿತು. ಮೂರು ಬೆರಳು ನೆಲದ ಮೇಲಿದ್ದವು.

ಪೊಲೀಸರು ಬಂದಾಗ ಮಾತಾಡಲಾಗದ ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟರು: 'ನಾನೇ ಛೂ ಬಿಟ್ಟೆ.' ಎರಡು ವರ್ಷ ಜೈಲಾಯಿತು. ಬಂದಮೇಲೆ ನಾಯಿ ಸಾಕಲಿಲ್ಲ, ಚಪ್ಪಲಿ ಅಂಗಡಿಯಲ್ಲಿ ಬಾರು ಹೊಲಿದರು. ಆ ಮನೆಯಲ್ಲಿ 'ಸಾಕು' ಎಂಬ ಮಾತೂ ನಿಂತಿತು. ಬಡಿಸುವಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವರು, ಅಷ್ಟೇ.

*

ಮಗಳು ಗಾಜಿನ ಚೂರು ಕೆಳಗಿಟ್ಟು ಎದ್ದಳು. ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

"ಮಾವ, ಅಪ್ಪ ಛೂ ಬಿಡಲಿಲ್ಲ. ಆ ನಾಯಿಗೆ ಸಾಕು ಅಂದ್ರೆ ಕಚ್ಚು ಅಂತ ಕಲಿಸಿದ್ರು. ಸಿನಿಮಾಗೆ. ಕೂಗಿದವಳು ನಾನು."

"ಏನು ಬೊಗಳ್ತಿದೀಯ?"

"ನಿಮ್ಮನ್ನ ಉಳಿಸೋಕೇ ಕೂಗಿದ್ದು. ಕೂಗಿ ಕೂಗಿ ಕಚ್ಚಿಸಿದೆ. ನನ್ನ ಹೆಸರು ಬರದೇ ಇರಲಿ ಅಂತ ಅಪ್ಪ ಸುಳ್ಳು ಬರೆದುಕೊಟ್ರು."

ಅವನು ಪೆಟ್ಟಿಗೆಯ ಪಕ್ಕ ಕೂತಿದ್ದ ಮುದುಕಿ ಅಕ್ಕನತ್ತ ತಿರುಗಿದ. "ನಿನಗೂ ಗೊತ್ತಿತ್ತಾ?"

"ಇವಳ ಮದುವೇಲಿ ನಾವು ತಟ್ಟೆ ಮೇಲೆ ಕೈ ಇಡೋದು ನೋಡಿ ಬಾಯಿ ಬಿದ್ದುಹೋಗಿದೆಯಾ ಅಂತ ಆಡಿಕೊಂಡಿದ್ದೆಯಲ್ಲ," ಎಂದಳು ಅಕ್ಕ. "ಅದಕ್ಕೇ ಕಣೋ."

ಅವನು ಅಕ್ಕನ ಮಗಳ ಕೆನ್ನೆಗೆ ಬಾರಿಸಿದ. ಅವಳು ಗೋಡೆಗೆ ತಾಗಿ ಕುಸಿದಳು. ಅಳಿಯ ಅವನ ಕುತ್ತಿಗೆಪಟ್ಟಿಗೆ ಕೈ ಹಾಕಿದ. ಅವಳೇ ಕೈಯೆತ್ತಿ ತಡೆದಳು.

"ನಲವತ್ತು ವರ್ಷ," ಎಂದ ಮಾವ. ಹೋಗಿ ಪೆಟ್ಟಿಗೆಯ ನಾಲ್ಕನೆಯ ಮೂಲೆಗೆ ಬಗ್ಗಿದ. "ಏಳು ಭಾವ," ಎಂದು ಗೊಣಗಿ ಹೆಗಲು ಕೊಟ್ಟ.

ಸ್ಮಶಾನದಲ್ಲಿ ಗುಂಡಿ ತುಂಬಿತು. ಮಣ್ಣು ದಿಬ್ಬವಾಯಿತು. ಗುಂಡಿ ತೋಡುವವನು ಸಲಿಕೆ ಎತ್ತಿ ಕೇಳಿದ:

"ಇನ್ನೂ ಹಾಕಲಾ ತಾಯಿ, ಸಾಕಾ?"

ಮುದುಕಿ ಬಗ್ಗಿ ಮಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದಳು. ಅದರ ಪಕ್ಕದಲ್ಲಿ ಮಗಳ ಕುಯ್ದ ಕೈ ಬಂತು. ಆಮೇಲೆ, ತಡವಾಗಿ, ಎರಡೇ ಬೆರಳಿನ ಕೈಯೊಂದು.