ಅವ್ವ ಕೇಳಿದ ದಾರ

“ಅಷ್ಟು ಬಿಗಿ ಕಟ್ಟಬ್ಯಾಡ್ರಿ ಅಜ್ಜಾರ,” ಎಂದಳು ಗೀತಾಂಜಲಿ.

ಮಠದ ಅಜ್ಜಯ್ಯಸ್ವಾಮಿಗಳ ಕೈ ನಿಂತಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಕೊಟ್ರಬಸಮ್ಮನ ಶವದ ಕೊರಳಿಗೆ ಅವರು ಹೊಸ ಶಿವದಾರ ಕಟ್ಟುತ್ತಿದ್ದರು. ಹಳೆಯದೇನೂ ಸವೆದಿರಲಿಲ್ಲ. ಆದರೂ ಇಷ್ಟಲಿಂಗವನ್ನು ಅದರಿಂದ ಬಿಡಿಸಿ ಹೊಸ ದಾರಕ್ಕೆ ಕಟ್ಟಬೇಕೆಂದು ಅವರೇ ಹೇಳಿದ್ದರು.

“ಬಿಗಿ ಇಲ್ಲಬೇ ತಂಗಿ. ಬಾಯಿ ಬಿದ್ದ ಮ್ಯಾಲೂ ದಾರ, ದಾರ ಅಂದ್ಲಂದ್ರ ನಿಮ್ಮವ್ವ ಎಂಥಾ ಪುಣ್ಯವಂತಿ ನೋಡು. ಎಲ್ಲಾ ಮರತ್ರೂ ಶಿವದಾರ ಮರೀಲಿಲ್ಲ.”

ಪಡಸಾಲೆಯಲ್ಲಿ ಕೂತವರು ತಲೆಯಾಡಿಸಿದರು. ಯಾರೋ ಕೈ ಮುಗಿದರು. ಪಕ್ಕದ ಮನೆಯ ದ್ಯಾಮಕ್ಕ ಮಾತ್ರ ಗೀತಾಂಜಲಿಯ ಹತ್ತಿರ ಸರಿದು ದನಿ ತಗ್ಗಿಸಿದಳು.

“ಗೀತಾ, ಮೈ ತೊಳೆಯೋವಾಗ ನೋಡಿದೆ. ನಿಮ್ಮವ್ವನ ಉಗುರಾಗೆಲ್ಲ ಹಸಿರು ಬಣ್ಣ ಐತಿ. ತಿಕ್ಕಿದ್ರೂ ಹೋಗಲಿಲ್ಲ.”

“ಎಲ್ಲೀದು ಬಣ್ಣ?”

“ನಂಗೇನು ಗೊತ್ತವ್ವಾ,” ಎಂದ ದ್ಯಾಮಕ್ಕನ ಕಣ್ಣು ಒಳಕೋಣೆಯ ಕಡೆ ಹೋಗಿ ಬಂತು.

*

ಲಾತೂರಿನ ಕಡೆಯಿಂದ ಕೊಟ್ಟೂರಿನ ಈ ಮನೆಗೆ ಸೊಸೆಯಾಗಿ ಬಂದಾಗ ಅವ್ವನ ಹೆಸರು ಮಂಗಲಾ. ಕುಲ ಒಂದೇ, ಲಿಂಗ ಒಂದೇ, ಮಾತು ಮಾತ್ರ ಮರಾಠಿ. “ಆ ಮಾತು ಹೊಸ್ತಿಲ ಹೊರಗ ಇರ್ಲಿ,” ಎಂದ ಅತ್ತೆ, ಹೆಸರನ್ನೂ ಬದಲಿಸಿ ಕೊಟ್ರಬಸಮ್ಮ ಎಂದು ಕರೆದಳು. ಕೊಟ್ರಬಸಮ್ಮ ಕನ್ನಡ ಕಲಿತಳು. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು, ಸೋಬಾನೆ ಹೇಳುವಷ್ಟು ಕಲಿತಳು. ಹಾಲು ಉಕ್ಕಿದಾಗಲೋ ಕೈ ಸುಟ್ಟಾಗಲೋ ಹಳೆಯದೊಂದು ಪದ ಬಾಯಿಂದ ಜಾರಿದರೆ ನಾಲಿಗೆ ಕಚ್ಚಿಕೊಂಡು ಸುತ್ತ ನೋಡುತ್ತಿದ್ದಳು. ಮಕ್ಕಳಿಗೆ ಒಂದು ಮಾತನ್ನೂ ಕಲಿಸಲಿಲ್ಲ. ಅವರೂ ಕೇಳಲಿಲ್ಲ. ಗೀತಾಂಜಲಿ ಕನ್ನಡ ಎಂ.ಎ. ಮಾಡಿ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಉಪನ್ಯಾಸಕಿಯಾದಾಗ ಓಣಿಗೆಲ್ಲ ಪೇಢೆ ಹಂಚಿದವಳು ಅವ್ವನೇ.

ಲಕ್ವಾ ಹೊಡೆದ ಮೇಲೆ ಅವಳ ಕನ್ನಡ ಹೋಯಿತು. ಉಳಿದದ್ದು ಬರೀ ತೊದಲು. ಅದರಲ್ಲಿ ಗುರುತು ಸಿಗುತ್ತಿದ್ದದ್ದು ಒಂದೇ ಪದ, ದಾರ. ಅದರ ಹಿಂದೆಯೇ ‘ಗಡ, ಗಡ’ ಎಂದ ಹಾಗೆ ಕೇಳುತ್ತಿತ್ತು. ದಾರ ಗಡನೆ, ಜಲ್ದಿ ಕೊಡ್ರಿ ಅಂತಾಳ ಎಂದುಕೊಂಡರು ಎಲ್ಲರೂ. ಮಾತಿಗೆ ಅರ್ಥ ಹುಡುಕಬೇಡಿ ಎಂದಿದ್ದರು ಡಾಕ್ಟರು.

ಒಮ್ಮೆ ಅವಳು ಗೋಡೆ ಹಿಡಿದು ನಡೆದು ಹೋಗಿ ಬಚ್ಚಲಲ್ಲಿ ಬಿದ್ದಳು. “ನಾನು ಅಂಗಡಿ ಬಿಟ್ಟು ಬರಾಕ ಆಗಲ್ಲ, ನೀನು ಕಾಲೇಜು ಬಿಡಾಕ ಆಗಲ್ಲ. ಹಗಲೊತ್ತು ಕದ ಹಾಕ್ಕೊಂಡು ಹೋಗು. ಒಳಗ ಸುರಕ್ಷಿತ ಇರ್ತಾಳ,” ಎಂದ ಅಣ್ಣ ಪ್ರವೀಣಕುಮಾರ್. ಅಂದಿನಿಂದ ಗೀತಾಂಜಲಿ ಬೆಳಗಿನ ಬಸ್ಸಿಗೆ ಹೊರಡುವ ಮುನ್ನ ಒಳಕೋಣೆಯ ಹಸಿರು ಕದದ ಚಿಲಕವನ್ನು ಹೊರಗಿನಿಂದ ಹಾಕುತ್ತಿದ್ದಳು. ಮಧ್ಯಾಹ್ನ ದ್ಯಾಮಕ್ಕ ಬಂದು ಉಣಿಸಿ ಮತ್ತೆ ಚಿಲಕ ಹಾಕಿ ಹೋಗುತ್ತಿದ್ದಳು.

*

ಹೋದ ವಾರ ಗೀತಾಂಜಲಿ ತರಗತಿಯಲ್ಲಿ ಒಂದು ಪದ್ಯ ವಿವರಿಸುತ್ತಿದ್ದಳು. ತಾಯ್ನುಡಿಯ ಮೇಲಿನ ಪದ್ಯ.

‘ಎಲ್ಲ ಮಾತೂ ಮರೆತ ದಿನ
ನಾಲಿಗೆಯಲ್ಲಿ ಉಳಿಯುವುದು ಯಾವುದೋ
ಅದೇ ನನ್ನ ಕುಲ, ಅದೇ ನನ್ನ ನೆಲ.’

“ಇಲ್ಲಿ ಕವಿ ಭಾಷೆಯನ್ನ ಗುರುತು ಅಂತ ನೋಡ್ತಾನೆ. ಊರು, ಹೆಸರು ಎಲ್ಲಾ ಕಳಚಿದ್ರೂ ಕಳಚದೇ ಇರೋದು ನುಡಿ. ಬರ್ಕೊಳ್ಳಿ.”

ಮುಂದಿನ ಬೆಂಚಿನ ಹುಡುಗಿ ಪೆನ್ನು ಕೆಳಗಿಟ್ಟಳು. “ಮ್ಯಾಡಂ, ಎಲ್ಲಾ ಮರತ್ ಮ್ಯಾಲೆ ಅದೊಂದು ಹೆಂಗ ಉಳಿತೈತ್ರಿ?”

“ಅದು ಕವಿಯ ಉತ್ಪ್ರೇಕ್ಷೆ. ಹಂಗೇ ಅರ್ಥ ಮಾಡ್ಕೋಬಾರದು. ನಾಲ್ಕು ಅಂಕಕ್ಕೆ ಬಂದ್ರೆ ಭಾಷೆ ಮತ್ತು ಅಸ್ಮಿತೆ ಅಂತ ಬರೀರಿ, ಸಾಕು.”

ಆಗಲೇ ಫೋನು ಅದುರಿತು. ಗೀತಾಂಜಲಿ ಹೊರಗೆ ಬಂದು ಎತ್ತಿಕೊಂಡಳು.

“ಗೀತಾ, ನಿಮ್ಮವ್ವ ಬೆಳಿಗ್ಗಿಂದ ದಾರ ಅಂತ ಒಂದೇ ಸಮ ಕದ ಬಡಿಯಾಕತ್ಯಾರ,” ಎಂದಳು ದ್ಯಾಮಕ್ಕ.

“ಕಿಟಕಿಯಿಂದ ಒಂದು ದಾರದ ಉಂಡಿ ಕೊಡು ಅಕ್ಕಾ. ಕೈಯಾಗ ಹಿಡಕೊಂಡು ಸುಮ್ಮನಾಗ್ತಾಳ.”

ಕೊಟ್ಟದ್ದಾಯಿತು. ಉಂಡೆಯನ್ನು ಅವ್ವ ಕಿಟಕಿಗೇ ತಿರುಗಿ ಎಸೆದಳಂತೆ. ನಿನ್ನೆ ಸಂಜೆ ಗೀತಾಂಜಲಿ ಚಿಲಕ ತೆಗೆದಾಗ ಕದ ಒಳಕ್ಕೆ ಹೋಗಲಿಲ್ಲ. ಅದಕ್ಕೆ ಅಡ್ಡವಾಗಿ ಅವ್ವ ಬಿದ್ದಿದ್ದಳು.

*

ರುದ್ರಭೂಮಿಯಲ್ಲಿ ಗಾಳಿ ಇರಲಿಲ್ಲ. ಕುಣಿಯ ಒಂದು ಮಗ್ಗುಲಿಗೆ ಗೂಡು ಕೊರೆದು ಅದರೊಳಗೆ ಕೊಟ್ರಬಸಮ್ಮನನ್ನು ಕೂರಿಸಿದ್ದರು. ವಿಭೂತಿ, ಬಿಲ್ವಪತ್ರೆ ಬಿದ್ದವು. ಪ್ರವೀಣಕುಮಾರ್ ಮೊದಲ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ.

ಹಿಂದೆ ಒಬ್ಬ ಮುದುಕ ಚಪ್ಪಲಿ ಬಿಟ್ಟು ನಿಂತಿದ್ದ. ಬಜಾರದಲ್ಲಿ ಚಿನ್ನ ಕರಗಿಸುವ ಅಂಗಡಿಯ ಪಾಂಡುರಂಗ. ಸಾಂಗ್ಲಿ ಕಡೆಯವನು.

“ನಿಮಗ ಅವ್ವನ ಪರಿಚಯ ಇತ್ತೇನ್ರಿ?” ಎಂದಳು ಗೀತಾಂಜಲಿ.

“ಸೋಮವಾರ ಗುಡಿಯಿಂದ ಬರೋವಾಗ ನಮ್ಮ ಅಂಗಡಿ ಮುಂದ ಒಂದು ಗಳಿಗಿ ನಿಲ್ಲೋರು. ನಾನು ಹೆಂಡ್ತಿ ಮರಾಠಿಯಾಗ ಮಾತಾಡೋದು ಕೇಳ್ಕೊಂಡು ನಗ್ತಿದ್ರು. ತಾವು ಮಾತ್ರ ಮಾತಾಡ್ತಿರಲಿಲ್ಲ. ಯಾರರ ನೋಡ್ಯಾರು ಅಂತ ಅಂಜತಿದ್ರು.” ಅವನು ಕುಣಿಯ ಕಡೆ ನೋಡಿದ. “ಕಡೀಗೆ ಏನರ ಅಂದ್ರಾ?”

“ಶಿವದಾರ ಕೇಳಿದ್ಲು. ದಾರ ಗಡ, ದಾರ ಗಡ ಅಂತ.”

ಪಾಂಡುರಂಗ ತುಟಿಯಲ್ಲೇ ಏನನ್ನೋ ಹೇಳಿ ನೋಡಿಕೊಂಡ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟ.

“ಯಾಕ್ರಿ?”

“ಏನಿಲ್ಲವ್ವಾ. ಮಣ್ಣಾಗ್ಲಿ.”

“ಹೇಳ್ರಿ,” ಎಂದಳು. ಅವನ ತೋಳು ಹಿಡಿದಿದ್ದಳು.

“ದಾರ ಉಘಡ,” ಎಂದ ಅವನು ಮೆಲ್ಲಗೆ. “ನಮ್ಮ ಮಾತಿನಾಗ ದಾರ ಅಂದ್ರ ಬಾಗಿಲು. ಬಾಗಿಲು ತೆಗಿ ಅಂತ.”

ಸಲಿಕೆಗಳು ಮಣ್ಣಿಗಿಳಿದ ಸದ್ದು ಕೇಳಿತು.

“ತಡೀರಿ,” ಎಂದಳು ಗೀತಾಂಜಲಿ. ದನಿ ಏರಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. ಸಲಿಕೆ ಹಿಡಿದವರು ಅಜ್ಜಯ್ಯಸ್ವಾಮಿಗಳ ಮುಖ ನೋಡಿದರು. ಹೊತ್ತು ಮೀರ್ತೈತಿ ಎಂದ ಪ್ರವೀಣಕುಮಾರ್.

ಅವಳು ಪಾಂಡುರಂಗನನ್ನು ಕೇಳಿದಳು. “ತೆಗೆದೀನಿ ಅನ್ನಾಕ ಏನಂತೀರಿ?”

ಅವನು ಹೇಳಿಕೊಟ್ಟ. ಅವಳು ಒಮ್ಮೆ ತಪ್ಪಿದಳು, ಅವನು ತಿದ್ದಿದ. ಅವಳು ಕುಣಿಯ ಅಂಚಿಗೆ ಬಂದು, ಹಸಿ ಮಣ್ಣಿನ ಮೇಲೆ ಮೊಣಕಾಲೂರಿ, ಗೂಡಿನ ಕತ್ತಲಿಗೆ ಬಗ್ಗಿದಳು.

“ದಾರ ಉಘಡ್ಲ, ಆಯಿ.”

ಸಲಿಕೆ ಹಿಡಿದವರಿಗೆ ಆ ಮಾತು ತಿಳಿಯಲಿಲ್ಲ. ಅಪ್ಪಣೆಯಾಯಿತೆಂದುಕೊಂಡು ಅವರು ಎರಡೂ ಬದಿಯಿಂದ ಮಣ್ಣು ಎಳೆಯತೊಡಗಿದರು.