ತಂಗಿದ ಬೆಂಕಿ

ದಾವಣಗೆರೆಯ ಆ ಓಣಿಯಲ್ಲಿ ಮಂಡಕ್ಕಿ ಭಟ್ಟಿಯನ್ನು ಸಂಜೆ ‘ನಿಲ್ಲಿಸು’ ಎಂದು ಯಾರೂ ಅನ್ನುತ್ತಿರಲಿಲ್ಲ. ಅಲ್ಲೊಂದು ಭಟ್ಟಿ ನಡೆಸುತ್ತಿದ್ದ ನಬೀ ಸಾಬರಂತೂ ‘ತಂಗಲಿ’ ಎನ್ನುತ್ತಿದ್ದರು. ಹರಿಹರದ ಹೊಳೆದಂಡೆಯಲ್ಲಿ ಗಾಡಿ ಹೊಡೆಯುತ್ತಿದ್ದ ಅವರಪ್ಪನ ಮಾತದು. ಕತ್ತಲಾಯಿತೆಂದು ಎತ್ತು ಬಿಚ್ಚಿ ಯಾರದೋ ಅಂಗಳದಲ್ಲಿ ಮಲಗಿದರೆ ಅದು ತಂಗುವುದು, ಬೆಳಗಾದರೆ ಹೊರಡಲೇಬೇಕು. ಹೊರಡದೆ ಉಳಿದವರಿಗೆ ಆ ಮಾತು ಸಲ್ಲದು. ಭಟ್ಟಿಯದೂ ಹಾಗೇ. ದಿನಾ ಸಂಜೆ ಒಂದು ಹಿಡಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಮರುದಿನ ಅದರಿಂದಲೇ ಒಲೆ ಹಚ್ಚುವುದು. ಕೆಂಡ ಆರಿದ ಭಟ್ಟಿ ಬೇರೆಯವರ ಪಾಲು, ಅದು ಓಣಿಯ ಕಟ್ಟಳೆ.

೧೯೫೮ರ ಬೇಸಿಗೆಯಲ್ಲಿ ನಬೀ ಸಾಬರು ತೀರಿಹೋದರು. ಹೆಂಡತಿ ಖತೀಜಾಬೀ ಇದ್ದತ್ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಆ ಮನೆತನದ ರೂಢಿಯಂತೆ ಅಷ್ಟೂ ದಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಊಟ ಭಾವನ ಮನೆಯಿಂದ ಬರುತ್ತಿತ್ತು. ಭಟ್ಟಿಯೂ ಹೋದರೆ ಅವಳಿಗೆ ಬೇರೆ ಕಸುಬಿಲ್ಲ, ಭಾವನ ಮನೆಯ ಮೂಲೆಯೇ ಗತಿ. ಅದಕ್ಕೇ ಮೊದಲ ದಿನವೇ ಭಟ್ಟಿಯ ಕೆಂಡವನ್ನು ತರಿಸಿ ಕಿಟಕಿಯಿಂದ ಪಕ್ಕದ ಮನೆಯ ದುರುಗವ್ವನಿಗೆ ಕೊಟ್ಟಿದ್ದಳು.

“ನಿನ್ನ ಒಲ್ಯಾಗ ತಂಗಲಿ, ಅಕ್ಕಾ.”

“ಆತು ಬಿಡವ್ವ. ದಿನಾ ಕಡ್ಡಿ ಗೀರೋದು ತಪ್ತು ನಂಗೆ.”

ಇದ್ದತ್ ಮುಗಿಯಲು ಹನ್ನೆರಡು ದಿನವಿರುವಾಗ ದುರುಗವ್ವನ ಬಾಗಿಲಿಗೆ ಬೀಗ ಬಿತ್ತು. ಹರಿಹರದಲ್ಲಿ ಮಗಳಿಗೆ ಹೆರಿಗೆಯಂತೆ. ಕಿಟಕಿಯಿಂದ ಆ ಬೀಗ ನೋಡಿ ನೋಡಿ ಖತೀಜಾಬೀಗೆ ಅನ್ನ ಸೇರದಾಯಿತು. ಹೆರಿಗೆಯ ಮೇಲೆ ಸಿಟ್ಟಾಗಬಾರದೆಂದು ಗೊತ್ತು, ಆದರೂ ಬಂತು, ಹಾಳಾದ ಸಿಟ್ಟು.

ಇದ್ದತ್ ಮುಗಿದ ಬೆಳಿಗ್ಗೆ ಭಾವ ಜಮಾಲ್ ಸಾಬರು ಖತೀಜಾಬೀಯ ಹಿಂದೆಯೇ ಭಟ್ಟಿಗೆ ಬಂದು ತಣ್ಣನೆಯ ಬೂದಿಯಲ್ಲಿ ಕೈಯಾಡಿಸಿದರು. ಕೆಟ್ಟವರಲ್ಲ, ಕಟ್ಟಳೆಯ ಮನುಷ್ಯ.

“ನಿಂತ್ಹೋತಮ್ಮ. ಕೇಳಿದೋರಿಗೆ ಕೊಟ್ಬಿಡ್ತೀನಿ. ನೀನು ನಮ್ಮನ್ಯಾಗ ಇರು.”

“ತಂಗೈತೆ, ಭಾಯಿಸಾಬ್,” ಎಂದಳು ಖತೀಜಾಬೀ. ಆ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ಎಲ್ಲೈತೆ ಹಂಗಾರ?”

ಅವರು ಬೀಗ ಹಾಕಲು ಬಾಗಿಲು ಎಳೆದುಕೊಳ್ಳುವಾಗ ಓಣಿಯೊಳಗೆ ಎತ್ತಿನ ಗಾಡಿಯೊಂದು ಬಂತು. ಬೂದಿ ತುಂಬಿದ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ದುರುಗವ್ವ ಇಳಿದಳು.

“ಬೆಂಕಿ ಐತೆ ಅಂತ ಬಸ್ಸಿನೋನು ಹೋಗ್ವಾಗ್ಲೂ ಹತ್ತಿಸ್ಕೊಳ್ಲಿಲ್ಲ, ಬರ್ವಾಗ್ಲೂ ಇಲ್ಲ. ಬಾಣಂತಿಗೆ ನೀರು ಕಾಸಿದ್ದೂ ಇದ್ರಾಗೇ. ಹನ್ನೆರಡು ದಿನ ಹರಿಹರದಾಗ ತಂಗಿತ್ತು. ಹಿಡಿಯವ್ವ.”

ಖತೀಜಾಬೀ ಬೂದಿ ಕೆದಕಿದಳು. ಅಡಿಯಲ್ಲಿ ಕೆಂಡ ಕೆಂಪಗಿತ್ತು. ಅವಳು ಅಲ್ಲೇ ಕೂತು ಅತ್ತಳು.

ಜಮಾಲ್ ಸಾಬರು ಮೂಲೆಯಲ್ಲಿದ್ದ ಭತ್ತದ ಹೊಟ್ಟಿನ ಚೀಲವನ್ನು ತಾವೇ ಒಲೆಯ ಬಾಯಿಗೆ ಎಳೆದು ತಂದರು. ಮೊದಲ ಮಂಡಕ್ಕಿ ಅರಳಿದಾಗ ದುರುಗವ್ವನ ಸೆರಗಿಗೆ ಒಂದು ಬೊಗಸೆ ಹಾಕಿ ಹೊರಟವರು ಬಾಗಿಲಲ್ಲಿ ತಿರುಗಿದರು.

“ಸಂಜಿಗೆ ತಂಗೋ ಹೊತ್ತಿಗೆ ಬರ್ತೀನಮ್ಮ. ಇವತ್ತು ಬೂದಿ ನಾನು ಮುಚ್ತೀನಿ.”